ಬೋರ್‌ವೆಲ್ಲಿನ ಎಮ್ಮೆ ಮತ್ತು ಚಿನ್ನಿಯ ಕಿವಿ ಪರೀಕ್ಷೆ

ತರಬೇತಿ ಕೊಡುವ ವಿಷಯದಲ್ಲಿ ನನಗೆ ಯಾರ ಸಲಹೆಯೂ ಬೇಕಾಗಿರಲಿಲ್ಲ. ವೈಟ್‌ಫೀಲ್ಡಿನ ಪ್ರೆಸ್ ಶಾಪಿನಲ್ಲಿ ಇಪ್ಪತ್ತೆರಡು ವರ್ಷ ದಡಬಡ ಎಂದು ತಗಡು ಹೊಡೆದವನು ನಾನು, ಎಷ್ಟೋ ಹೊಸಬರನ್ನು ಪಳಗಿಸಿದವನು. ಅಂಥವನಿಗೆ ಐದು ವರ್ಷದ ಮಗಳನ್ನು ಒಂದು ಕಿವಿ ಪರೀಕ್ಷೆಗೆ ತಯಾರು ಮಾಡುವುದು ಯಾವ ಮಹಾ ಕೆಲಸ!

ಮಗಳು ಚಿನ್ಮಯಿ, ಮನೆಯಲ್ಲಿ ಚಿನ್ನಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಎರಡು ವರ್ಷವಾದಾಗ ಆಪರೇಷನ್ ಮಾಡಿಸಿ ಕಿವಿಯೊಳಗೆ ಇಂಪ್ಲಾಂಟ್ ಇಡಿಸಿದೆವು. ಹೊರಗೆ ಕಿವಿಯ ಹಿಂದೆ ಒಂದು ಪುಟ್ಟ ಮಿಷನ್, ಅದರ ತಂತಿಯ ತುದಿಗೆ ತಲೆಗೆ ಅಂಟಿಕೊಳ್ಳುವ ಒಂದು ಬಿಲ್ಲೆ. ಹಾಕಿಕೊಂಡರೆ ಕೇಳುತ್ತದೆ, ತೆಗೆದರೆ ಇಲ್ಲ. ಎಷ್ಟು ಕೇಳುತ್ತದೆ ಎಂದು ಆಗಾಗ ಪರೀಕ್ಷೆ ಮಾಡಿಸಬೇಕು. ಸೌಂಡ್ ರೂಮಿನಲ್ಲಿ ಸ್ಪೀಕರಿನಿಂದ ಸದ್ದು ಬಂದ ಕೂಡಲೇ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಸದ್ದು ಬರಬರುತ್ತಾ ಸಣ್ಣದಾಗುತ್ತದೆ. ಅಷ್ಟೇ.

ನಾನು ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಹಾಲಿನಲ್ಲೇ ತರಬೇತಿ ಕೇಂದ್ರವನ್ನು ಉದ್ಘಾಟಿಸಿದೆ. ಮಣಿಗೆ ಬದಲು ಅವರೆಕಾಳು, ಸ್ಪೀಕರಿಗೆ ಬದಲು ಲೋಟ ಮತ್ತು ಚಮಚ. ಚಿನ್ನಿ ನನ್ನೆದುರು ಕೂರುವಳು. ಟಣ್! ಕಾಳು ಡಬ್ಬಿಗೆ. ಟಣ್! ಕಾಳು ಡಬ್ಬಿಗೆ. ಒಂದು ದಿನ ಮಾತ್ರ ನಾನು ಏನೂ ಬಡಿಯದೆಯೇ ಕಾಳು ಹಾಕಿಬಿಟ್ಟಳು.

"ಯಾಕ್ ಹಾಕ್ದೆ?"

"ಅಳಿಲು," ಎಂದು ಕಿಟಕಿಯ ಕಡೆ ಕೈ ತೋರಿಸಿದಳು.

ನಾನು ಕಿವಿಗೊಟ್ಟು ಕೇಳಿದೆ. ಯಾವ ಅಳಿಲೂ ಇಲ್ಲ. "ಸುಮ್‌ಸುಮ್ನೆ ಹಾಕ್ಬಾರ್ದು ಪುಟ್ಟಿ. ಸದ್ದು ಬಂದ್ರೆ ಮಾತ್ರ ಹಾಕ್ಬೇಕು, ಆಯ್ತಾ?"

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದೇ ಒಂದು ತಪ್ಪು ಮಾಡಲಿಲ್ಲ. ನೂರಕ್ಕೆ ನೂರು! ಅಡುಗೆಮನೆಯಿಂದ ಹೆಂಡತಿ ಶಶಿಕಲಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೂರು ಸಲ ಕರೆದೆ ಕಣ್ರೀ. ಕುಕ್ಕರ್ ಆಫ್ ಮಾಡಿ ಅಂತ."

ಇತ್ತೀಚೆಗೆ ಅವಳಿಗೆ ಬಾಯೊಳಗೇ ಮಾತಾಡುವ ಅಭ್ಯಾಸ ಶುರುವಾಗಿತ್ತು.

ಪರೀಕ್ಷೆಯ ದಿನ ಅತ್ತೆಗೆ ಜ್ವರ ಬಂದು ಶಶಿ ತವರಿಗೆ ಹೋಗಿದ್ದಳು. ಚಿನ್ನಿಯನ್ನು ನಾನೇ ಕರೆದುಕೊಂಡು ಹೋದೆ. ಒಬ್ಬಳೇ ಕೂರುವುದಿಲ್ಲ ಎಂದು ಅವಳು ಅತ್ತಿದ್ದರಿಂದ, ಕಿವಿ ಪರೀಕ್ಷೆ ಮಾಡುವ ಮೇಡಂ ನನ್ನನ್ನು ಅವಳೆದುರು ಕೂರಲು ಬಿಟ್ಟರು. ನನ್ನ ಬೆನ್ನ ಹಿಂದೆ ಗಾಜು, ಗಾಜಿನ ಆಚೆ ಮೇಡಂ. "ಸಾರ್, ಏನೂ ಸನ್ನೆ ಮಾಡ್ಬೇಡಿ," ಎಂದರು. ನಾನು ಕೈಕಟ್ಟಿ ಕಲ್ಲಿನಂತೆ ಕೂತೆ. ದೊಡ್ಡ ಸದ್ದಿಗೆಲ್ಲ ಮಣಿ ಬಿತ್ತು. ಆಮೇಲೆ ಬೀಳುವುದು ನಿಂತಿತು. ಚಿನ್ನಿ ಮಣಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ಕೂತಳು.

ಹೊರಬಂದಾಗ ಮೇಡಂ ಮುಖ ಸಪ್ಪಗಿತ್ತು. "ಸಣ್ಣ ಸದ್ದು ಒಂದಕ್ಕೂ ರೆಸ್ಪಾನ್ಸ್ ಇಲ್ಲ ಸಾರ್. ಎರಡು ವಾರ ಬಿಟ್ಟು ಇನ್ನೊಂದ್ಸಲ ನೋಡೋಣ. ಆಗ್ಲೂ ಹೀಗೇ ಬಂದ್ರೆ ಒಳಗಿನ ಇಂಪ್ಲಾಂಟ್ ಕೆಟ್ಟಿದ್ಯಾ ಅಂತ ಚೆಕ್ ಮಾಡ್ಬೇಕು. ಕೆಟ್ಟಿದ್ರೆ ಮತ್ತೆ ಆಪರೇಷನ್."

ಮತ್ತೆ ಆಪರೇಷನ್! ತಲೆಗೆ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಎರಡು ವರ್ಷದ ಚಿನ್ನಿ ಕಣ್ಣಮುಂದೆ ಬಂದಳು. ನನಗೆ ನಿಜವಾಗಿ ಭಯವಾಯಿತು. ಅವತ್ತು ಊಟ ಸೇರಲಿಲ್ಲ.

ಈ ಸ್ಥಿತಿಯಲ್ಲಿ ನಾನು ಸಿಕ್ಕಿಬಿದ್ದಿದ್ದು ನಮ್ಮ ಮೂರನೇ ಮಹಡಿಯ ಬಾಡಿಗೆದಾರ ಪ್ರಣವನ ಕೈಗೆ. ಮೊದಲು ಪಕ್ಕದ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದ. ಈಗ ಅದನ್ನು ಬಿಟ್ಟು ಶಾಮನ್ ಆಗಿದ್ದ. ಶಾಮನ್ ಎಂದರೆ ಡೋಲು ಬಾರಿಸಿ ಜನರನ್ನು ಬೇರೆ ಲೋಕಕ್ಕೆ ಕಳಿಸಿ ವಾಪಸ್ ಕರೆಸುವವನಂತೆ. ಎಲ್ಲಿ ಕಲಿತೆಯಪ್ಪಾ ಎಂದರೆ, "ಆನ್‌ಲೈನ್ ಓನರ್ ಸಾರ್, ಆರು ವಾರದ ಕೋರ್ಸು," ಎಂದ. ನಮ್ಮೂರಿನಲ್ಲಿ ಮೈಮೇಲೆ ದೇವರು ಬರುತ್ತಿದ್ದ ಮುನಿಯಕ್ಕ ಯಾವ ಕೋರ್ಸನ್ನೂ ಮಾಡಿರಲಿಲ್ಲ. ಇರಲಿ, ಕಾಲ ಬದಲಾಗಿದೆ. ಚಿನ್ನಿಯ ಪರೀಕ್ಷೆಯ ವಿಷಯವನ್ನೆಲ್ಲಾ ಅವನ ಹತ್ತಿರ ಹೇಳಿಕೊಂಡೆ.

"ನಿಮ್ಮ ಪವರ್ ಅನಿಮಲ್, ಅಂದ್ರೆ ನಿಮ್ಮನ್ನ ಕಾಯೋ ಪ್ರಾಣಿ, ನಿಮ್ಮಿಂದ ದೂರ ಆಗಿದೆ ಸಾರ್. ಶನಿವಾರ ಬೆಳಗ್ಗೆ ಟೆರೇಸಿಗೆ ಬನ್ನಿ. ಅದನ್ನ ಹುಡುಕೋಣ."

ಶನಿವಾರ ಬೆಳಗ್ಗೆ ನನ್ನದೇ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಏಳೆಂಟು ಐಟಿ ಹುಡುಗ ಹುಡುಗಿಯರ ನಡುವೆ ಚಾಪೆ ಹಾಸಿ ಮಲಗಿದೆ. ಮೂಲೆಯಲ್ಲಿ ಚಿನ್ನಿ ಬಣ್ಣ ಹಚ್ಚುತ್ತಿದ್ದಳು. ಸಾಂಬ್ರಾಣಿ ಹೊಗೆ, ಎಳೆಬಿಸಿಲು. ತಲೆಗೆ ಗರಿ ಸಿಕ್ಕಿಸಿಕೊಂಡ ಪ್ರಣವ ಹೇಳಿದ: "ಎಲ್ರೂ ಕಣ್ಣು ಮುಚ್ಚಿ. ನಿಮಗೆ ಗೊತ್ತಿರೋ ಯಾವುದಾದ್ರೂ ಗುಹೆ ಒಳಗೆ ಇಳೀರಿ. ಗಿಲಕಿ ಸದ್ದು ಕೇಳಿದ ತಕ್ಷಣ ವಾಪಸ್ ಬನ್ನಿ."

ನನಗೆ ಯಾವ ಗುಹೆಯೂ ಗೊತ್ತಿರಲಿಲ್ಲ. ಗೊತ್ತಿದ್ದುದು ನಮ್ಮ ಮನೆ ಹಿಂದಿನ ಬತ್ತಿದ ಬೋರ್‌ವೆಲ್. ಅದರೊಳಗೆ ಇಳಿದೆ.

ಢಂ, ಢಂ, ಢಂ. ಡೋಲಿನ ಸದ್ದು ಮೇಲೆ ಮೇಲೆ ಉಳಿಯಿತು. ನಾನು ಮೆತ್ತಗೆ, ಕೆಳಕ್ಕೆ, ಕೇಸಿಂಗ್ ಪೈಪು ದಾಟಿ, ಕೆಮ್ಮಣ್ಣು ದಾಟಿ, ಕಲ್ಲು ದಾಟಿ ಇಳಿಯುತ್ತಾ ಹೋದೆ. ತಳದಲ್ಲಿ ಹಸಿರು ಬಯಲು. ಈಗ ಗಾಜಿನ ಕಟ್ಟಡ ಎದ್ದಿರುವ ಜಾಗದಲ್ಲಿ ಮೊದಲು ಇದ್ದ ಅದೇ ಬಯಲು! ಅಲ್ಲಿ ನಮ್ಮಜ್ಜಿಯ ಎಮ್ಮೆ ಗೌರಿ ಮೇಯುತ್ತಿತ್ತು. ಉಳಿದವರಿಗೆ ಹುಲಿ, ಹದ್ದು, ತೋಳ ಸಿಕ್ಕಿದ್ದವು ಎಂದು ಆಮೇಲೆ ಗೊತ್ತಾಯಿತು. ನನಗೆ ಎಮ್ಮೆ. ಅದರ ಕೊರಳಿನ ಗಂಟೆ ಅಲ್ಲಾಡುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಹುಲ್ಲು ತೂಗುತ್ತಿತ್ತು, ಸದ್ದಿಲ್ಲ. ಚಿನ್ನಿ ಬಿಲ್ಲೆ ತೆಗೆದಿಟ್ಟಾಗ ಲೋಕ ಹೀಗೇ ಇರುತ್ತದಾ ಎಂದುಕೊಂಡೆ. ದುಃಖ ಉಕ್ಕಿ ಬಂತು, ಆದರೂ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಗೌರಿ ಒಂದು ಕಿವಿ ತಿರುಗಿಸಿ ನನ್ನನ್ನು ನೋಡಿತು. ಏನೋ ಹೇಳುವುದಿತ್ತು ಅದಕ್ಕೆ. ಅಷ್ಟರಲ್ಲಿ ಮೂಗಿನ ಮೇಲೆ ಏನೋ ಕುಟ್ಟಿತು.

ಕಣ್ಣು ಬಿಟ್ಟೆ. ಚಿನ್ನಿ ಬಣ್ಣದ ಪೆನ್ಸಿಲಿನಿಂದ ನನ್ನ ಮೂಗು ಕುಟ್ಟುತ್ತಿದ್ದಳು. "ಅಪ್ಪ, ಗಿಲಿಗಿಲಿ ಆಯ್ತು. ಏಳು."

ಸುತ್ತ ಎಲ್ಲರೂ ಎದ್ದು ಕೂತು ನನ್ನನ್ನೇ ಭಕ್ತಿಯಿಂದ ನೋಡುತ್ತಿದ್ದರು. ಪ್ರಣವ ಹತ್ತು ನಿಮಿಷದಿಂದ ಗಿಲಕಿ ಅಲ್ಲಾಡಿಸುತ್ತಿದ್ದನಂತೆ! "ಇಷ್ಟು ಆಳಕ್ಕೆ ಯಾರೂ ಹೋಗಿಲ್ಲ ಓನರ್ ಸಾರ್," ಎಂದು ಅವನು ಕೈಮುಗಿದ. "ನಿಮ್ಮಲ್ಲಿ ಶಕ್ತಿ ಇದೆ. ಟೆಸ್ಟ್ ದಿನ ನೀವೇ ಮಗಳ ಕಿವಿ ಆಗ್ಬಿಡಿ. ಅವಳ ಪರವಾಗಿ ನೀವು ಕೇಳಿ."

ನಾನು ನಂಬಿದೆ. ಪರೀಕ್ಷೆಯ ದಿನದವರೆಗೂ ಎದೆಯುಬ್ಬಿಸಿ ಓಡಾಡಿದೆ.

ಎರಡನೇ ಪರೀಕ್ಷೆಗೆ ಶಶಿಯೂ ಬಂದು ಸೌಂಡ್ ರೂಮಿನ ಮೂಲೆಯಲ್ಲಿ ಕೂತಳು. ನಾನು ಚಿನ್ನಿಯ ಎದುರು ಕೂತು, ಮನಸ್ಸಿನಲ್ಲೇ ಗೌರಿಯನ್ನು ಕರೆದು, ಮೈಯೆಲ್ಲಾ ಕಿವಿಯಾದೆ. ಸದ್ದು ಬಂತು. ಮಣಿ ಬಿತ್ತು. ಬಂತು. ಬಿತ್ತು. ಆಮೇಲೆ ಮೌನ. ಚಿನ್ನಿ ಮಣಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ನಾನು ಅವಳನ್ನೇ ನೋಡುತ್ತಿದ್ದೇನೆ. ಇಷ್ಟು ಹೊತ್ತಾದರೂ ಮೇಡಂ ಯಾಕೆ ಸದ್ದು ಹಾಕುತ್ತಿಲ್ಲ?

"ರೀ!" ಶಶಿ ಎದ್ದು ನಿಂತಳು. "ನಿಮ್ಮ ಹುಬ್ಬು!"

"ನನ್ನ ಹುಬ್ಬಿಗೇನಾಯ್ತು?"

"ನಿಮ್ಗೆ ಕೇಳಿಸ್ದಾಗೆಲ್ಲಾ ಹುಬ್ಬು ಮೇಲೆ ಹೋಗುತ್ತೆ. ಅವಳು ಅದನ್ನ ನೋಡ್ಕೊಂಡು ಮಣಿ ಹಾಕ್ತಾ ಇದ್ದಾಳೆ! ಈಗ ನಾಕು ಸಲ ಸೌಂಡ್ ಬಂತು. ನೀವು ಕಲ್ಲುಗುಂಡಿನ ಹಾಗೆ ಕೂತಿದ್ದೀರ. ಪಾಪ, ಮಗು ಕಾಯ್ತಿದೆ!"

ನಾಕು ಸಲವೇ? ನನಗೆ ಒಂದೂ ಕೇಳಿರಲಿಲ್ಲ.

ಮೇಡಂ ಒಳಗೆ ಬಂದರು. ನನ್ನನ್ನು ಎಬ್ಬಿಸಿ ಬಾಗಿಲಾಚೆ ನಿಲ್ಲಿಸಿದರು. ಚಿನ್ನಿಯನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, "ಯಾರನ್ನೂ ನೋಡ್ಬೇಡ ಬಂಗಾರ, ನಿನಗೆ ಕೇಳಿದ್ರೆ ಹಾಕು," ಎಂದರು. ನಾನು ಗಾಜಿನಲ್ಲಿ ಇಣುಕಿದೆ. ಮಣಿ ಬಿತ್ತು. ಬಿತ್ತು. ಮತ್ತೂ ಬಿತ್ತು. ಡಬ್ಬಿಯೇ ತುಂಬಿತು! ಇಂಪ್ಲಾಂಟಿಗೆ ಏನೂ ಆಗಿರಲಿಲ್ಲ. ಆಪರೇಷನ್ ಇಲ್ಲ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಅಲ್ಲೇ ನಿಂತು ಅತ್ತುಬಿಟ್ಟೆ. ಆ ಅಳಿಲೂ ನಿಜವಾಗಿ ಕೂಗಿತ್ತು ಎಂದು ಆಗ ಹೊಳೆಯಿತು.

"ಸಾರ್," ಮೇಡಂ ಮೆಲ್ಲಗೆ ನನ್ನ ತೋಳು ಮುಟ್ಟಿದರು. "ಪ್ರೆಸ್ ಶಾಪ್‌ನಲ್ಲಿದ್ದೆ ಅಂದಿದ್ರಲ್ಲ, ಅಲ್ಲಿ ಕಿವಿಗೆ ಏನಾದ್ರೂ ಹಾಕ್ಕೊಂಡು ಕೆಲ್ಸ ಮಾಡ್ತಿದ್ರಾ?"

"ಅದೆಲ್ಲಾ ಹೊಸಬರಿಗೆ ಮೇಡಂ."

"ಬನ್ನಿ, ಕೂತ್ಕೊಳಿ. ಎರಡೂ ಸಲ ನಾವು ಟೆಸ್ಟ್ ಮಾಡಿದ್ದು ನಿಮ್ಮ ಕಿವಿನೇ. ಪೂರ್ತಿ ಮಾಡಿ ಮುಗಿಸ್ಬಿಡೋಣ."

ಈಗ ಮಗಳ ಪುಟ್ಟ ಕುರ್ಚಿಯಲ್ಲಿ ನಾನು. ಎದುರಿನ ದೊಡ್ಡ ಕುರ್ಚಿಯಲ್ಲಿ, ಕೈಕಟ್ಟಿಕೊಂಡು ಗಂಭೀರವಾಗಿ ಚಿನ್ನಿ. ಒಂದೆರಡು ಸದ್ದು ಬಂದವು, ಮಣಿ ಹಾಕಿದೆ. ಆಮೇಲೆ ಮತ್ತೆ ಅದೇ ಬೋರ್‌ವೆಲ್ಲಿನ ಮೌನ. ನಾನು ಮಣಿ ಹಿಡಿದು ಕಾದೆ. ಆಗ ಎದುರಿಗೆ ಚಿನ್ನಿಯ ಎರಡೂ ಹುಬ್ಬು ಮೆಲ್ಲಗೆ ಮೇಲಕ್ಕೆ ಹೋದವು. ನಾನು ಮಣಿ ಹಾಕಿದೆ. ಮತ್ತೆ ಹುಬ್ಬು. ಮತ್ತೆ ಮಣಿ. ಅಪ್ಪ ಫೇಲಾಗಬಾರದು ಎಂದು ಮಗಳು ತನಗೆ ಬಂದ ವಿದ್ಯೆಯನ್ನೆಲ್ಲಾ ಧಾರೆಯೆರೆಯುತ್ತಿದ್ದಳು!

"ಅಪ್ಪನ ಕುರ್ಚಿನ ಗೋಡೆ ಕಡೆ ತಿರುಗ್ಸಿ," ಎಂದು ಮೇಡಂ ಸ್ಪೀಕರಿನಲ್ಲಿ ಮೆಲುದನಿಯಲ್ಲಿ ಹೇಳಿದರಂತೆ. ಅದು ನನಗೆ ಕೇಳಿಸಲೇ ಇಲ್ಲ. ಚಿನ್ನಿಯೇ ಕೆಳಗಿಳಿದು ಬಂದು ನನ್ನನ್ನು ತಿರುಗಿಸಿದಳು.