ಬೇಟೆಯ ಚಿತ್ರ ನಂಬಿ ನಾಯಿ ಉಳಿಸಿಕೊಂಡದ್ದು

ನನಗೆ ಅಕ್ಷರ ಬರುವುದು ಬಸ್ಸಿನ ಬೋರ್ಡು ಓದುವಷ್ಟು. ಹಾಗಾಗಿ ಪುಸ್ತಕದಲ್ಲಿ ಚಿತ್ರವಿದ್ದರೆ ಅದನ್ನೇ ನಂಬುತ್ತೇನೆ. ಸೊಸೆ ಶಾಂತಾ ರಂಗಂಪೇಟೆಯ ಶಾಲೆಯಲ್ಲಿ ಡ್ರಾಯಿಂಗ್ ಮೇಡಂ. ಯುರೋಪಿನ ಹಳೆಯ ಚಿತ್ರಗಳ ದಪ್ಪ ಪುಸ್ತಕವೊಂದನ್ನು ಮನೆಗೆ ತಂದಿದ್ದಳು. ಅದರಲ್ಲೊಂದು ಬೇಟೆ: ಕೊಂಬಿನ ಜಿಂಕೆ ನೆಲಕ್ಕೆ ಬಿದ್ದಿದೆ, ಅದರ ಮೈಮೇಲೆ ನಾಯಿಗಳು, ಕುದುರೆಯ ಮೇಲಿನ ದೊರೆ ಗರಿಯ ಟೊಪ್ಪಿಗೆ ಸೊಟ್ಟಾಗದಂತೆ ಕೂತಿದ್ದಾನೆ. ಕುರಿ ಎಣಿಸುವ ರೂಢಿ, ನಾಯಿ ಎಣಿಸಿದೆ. ಹನ್ನೊಂದು. ಇಷ್ಟು ನಾಯಿ ಹರಿದ ಮೇಲೆ ದೊರೆಗೆ ಉಣ್ಣಲು ಏನು ಉಳಿಯುತ್ತದೆ ಎಂದು ಕೇಳಿದರೆ ಸೊಸೆ ನಕ್ಕಳು. ಅದು ಬರೀ ಜಿಂಕೆಯಲ್ಲವಂತೆ, ಮನುಷ್ಯನ ಆತ್ಮವಂತೆ. ಇಂಥ ಚಿತ್ರಗಳಲ್ಲಿ ಮೊಲವೆಂದರೆ ಅಂಜಿಕೆಯಂತೆ, ನಾಯಿಯೆಂದರೆ ನಿಯತ್ತಂತೆ. ನಮ್ಮ ಹೊಲಕ್ಕೆ ಚಿಗರಿ ನುಗ್ಗಿದರೆ ತೊಗರಿ ಹೋಯಿತು ಎಂದು ಅರ್ಥ. ಬೇರೆ ಅರ್ಥ ಯಾರೂ ಹುಡುಕುವುದಿಲ್ಲ.

ಆ ವಾರವೇ ನಮ್ಮ ಕರಿಯ, ಎಂಟು ವರ್ಷ ಕುರಿಹಟ್ಟಿ ಕಾದ ನಾಯಿ, ಒಂದು ಕುರಿಮರಿಯ ತೊಡೆ ಹರಿದುಹಾಕಿತು. ಕುರಿ ಸಾಕುವವರಲ್ಲಿ ಇದಕ್ಕೆ ಚರ್ಚೆಯಿಲ್ಲ. ಹಿಂಡಿನ ರಕ್ತ ನೆಕ್ಕಿದ ನಾಯಿಯನ್ನು ಅಂದೇ ಹಟ್ಟಿಯಿಂದ ಹೊರಹಾಕಬೇಕು. ಗಂಡ ಸತ್ತ ಮೇಲೆ ಹಿಂಡಿನ ಯಜಮಾನಿಕೆ ನನ್ನದು. ಸುದ್ದಿ ತಿಳಿದು ಮೈದುನ ಮಲ್ಲಪ್ಪ ತನ್ನೂರು ಗೋಗಿಯಿಂದ ಹಗ್ಗ ಹಿಡಿದೇ ಬಂದ.

“ವೈನಿ, ಬಾಯಿಗಿ ರುಚಿ ಹತ್ಯಾದ. ಇನ್ನ ಇದು ನಾಯಿ ಅಲ್ಲ, ತ್ವಾಳ.”

“ನಾಯಿ ಅಂದ್ರ ನಿಯತ್ತು ಅಂತ ಬುಕ್ಕಿನ್ಯಾಗ ಅದ. ನಿನಗೇನ್ ಗೊತ್ತು?” ಎಂದೆ.

“ಆ ಬುಕ್ಕ ಬರದಾವ ಎಷ್ಟ್ ಕುರಿ ಸಾಕ್ಯಾನ?”

ನಾನು ಜಗ್ಗಲಿಲ್ಲ. ಅವನು ಹಗ್ಗ ಸುತ್ತಿಕೊಂಡು ಆಟೋ ಹತ್ತಿದ. ಮೂರನೆಯ ದಿನ ಮಧ್ಯಾಹ್ನ ನೀರು ತಂದು ನೋಡಿದರೆ ಹಟ್ಟಿಯಲ್ಲಿ ಎರಡು ಮರಿ ಸತ್ತು ಬಿದ್ದಿದ್ದವು. ಕರಿಯ ಬಾಗಿಲಲ್ಲೇ ಮಲಗಿತ್ತು, ಬಾಯಿಗೆ ರಕ್ತ. ನನ್ನನ್ನು ಕಂಡು ಬಾಲ ಆಡಿಸಿತು. ಮಲ್ಲಪ್ಪನಿಗೆ ನಾನೇ ಹೇಳಿ ಕಳಿಸಬೇಕಾಯಿತು. ಬಂದವನು ಹಂಗಿಸಲೂ ಇಲ್ಲ. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಹೊಲದಲ್ಲಿ ಕಟ್ಟುತ್ತೇನೆ ಎಂದಷ್ಟೇ ಹೇಳಿದ. ಕರಿಯ ಎಳೆಸಿಕೊಳ್ಳದೆ ಅವನ ಹಿಂದೆ ನಡೆಯಿತು, ಯಾರೋ ಊಟಕ್ಕೆ ಕರೆದ ಹಾಗೆ. ಅವನು ಕಟ್ಟಿದನೋ, ಬೇರೆ ಏನು ಮಾಡಿದನೋ, ನಾನು ಕೇಳಿಲ್ಲ.

ಅರ್ಥ ಹೇಳಿದ್ದು ತನ್ನದೇ ತಪ್ಪು ಎಂದು ಶಾಂತಾ ಎರಡು ದಿನ ಅತ್ತಳು. ನಾನು ಅಲ್ಲ ಎನ್ನಲಿಲ್ಲ. ತಪ್ಪು ಹೊರಲು ಓದಿದವರೊಬ್ಬರು ಮನೆಯಲ್ಲಿದ್ದರೆ ಅನುಕೂಲ. ಆದರೆ ನಿಮಗೆ ಹೇಳುತ್ತೇನೆ: ಆ ಪುಸ್ತಕವನ್ನು ನಾನು ನಂಬಿದ್ದು ಅವತ್ತು, ಮಲ್ಲಪ್ಪನ ಎದುರಿಗೆ ಮಾತ್ರ. ಅವನೇ ಬಂದು, ಪಾಪ, ಹಳೆಯ ನಾಯಿ, ಇಟ್ಟುಕೋ ಎಂದಿದ್ದರೆ, ಹಗ್ಗ ನಾನೇ ಹುಡುಕುತ್ತಿದ್ದೆ.