ಗಾಜಿನ ತೊಟ್ಟಿಯ ಆಕಾಶ

ಯುದ್ಧ ಮುಗಿಯಿತು, ಬಹರೈನಿನ ಆಕಾಶ ನೀಲಿಯಾಗಿದೆ, ಹೊರಟು ಬನ್ನಿ ಎಂದು ಮೋಹನದಾಸ ಹೆಂಡತಿಗೆ ಕಾಗದ ಬರೆದದ್ದೇ ತಪ್ಪಾಯಿತು. ಹರಿಣಾಕ್ಷಿ ಮಗಳು ಸುರಕ್ಷಾಳನ್ನು ಕರೆದುಕೊಂಡು ಬಂದಿಳಿದ ದಿನವೇ ಗಾಳಿ ತಿರುಗಿ, ಕುವೈತಿನಲ್ಲಿ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆ ಅವರ ಮನೆಯಿದ್ದ ಗುಫೂಲ್ ಬಡಾವಣೆಯ ಮೇಲೆ ಮಸಿ ಹಿಡಿದ ಬಾಣಲೆ ಕವುಚಿಟ್ಟ ಹಾಗೆ ಕೂತಿತು. ಮಧ್ಯಾಹ್ನವೇ ಕಾರುಗಳು ಲೈಟು ಹಾಕಿಕೊಂಡು ಓಡುತ್ತಿದ್ದವು. ವಾರವಾದರೂ ಹರಿಣಾಕ್ಷಿ ಸೂಟ್‌ಕೇಸ್ ಬಿಚ್ಚಿರಲಿಲ್ಲ.

"ಮಗುವಿಗೆ ಹಗಲಲ್ಲೂ ಹೆದರಿಕೆ. ಇಲ್ಲಿ ಆಕಾಶವೇ ಇಲ್ವಾ ಅಂತ ಕೇಳ್ತಾಳೆ. ಇವತ್ತು ಸಂಜೆಯೊಳಗೆ ನೀಲಿ ಕಾಣದಿದ್ರೆ ನಾಳೆ ನಮಗೆ ಟಿಕೆಟ್ ಮಾಡಿ," ಎಂದಳು ಹರಿಣಾಕ್ಷಿ.

ಆರು ತಿಂಗಳು ಒಬ್ಬನೇ ಗಂಜಿ ಬೇಯಿಸಿ ಉಂಡಿದ್ದವನು ಕೂಡಲೇ ಉಪಾಯ ಹುಡುಕತೊಡಗಿದ.

ಸಲ್ಮಾಬಾದಿನ ಗೋದಾಮಿನಲ್ಲಿ ಕೆಲಸಕ್ಕೆ ಸೇರುವ ಮೊದಲು ಅವನು ಬಿಎಸ್ಸಿ ಓದಿದ್ದ. ಶಾಖ, ಶಬ್ದ, ಬೆಳಕು ಮೂರನ್ನೂ ಅರೆದು ಕುಡಿದಿದ್ದ ಹಳೇ ಕಾಲದ ವಿಜ್ಞಾನಿ ಟಿಂಡಾಲ್ ನೆನಪಾದ. ಅವನ ಬೆಳಕಿನ ಪಾಠ ಮೋಹನದಾಸನಿಗೆ ಬಾಯಿಪಾಠವಿತ್ತು. ಶಬ್ದದ ಪಾಠ ಪರೀಕ್ಷೆಗೆ ಬರಲಿಕ್ಕಿಲ್ಲವೆಂದು ಬಿಟ್ಟಿದ್ದ. ನೀರಿಗೆ ನಾಲ್ಕು ಹನಿ ಹಾಲು ಬೆರೆಸಿ, ಕತ್ತಲಲ್ಲಿ ಟಾರ್ಚು ಬಿಟ್ಟರೆ ಬೆಳಕು ಚದುರಿ ಆಕಾಶದ ಹಾಗೆಯೇ ನೀಲಿ ಕಾಣುತ್ತದೆ.

ಪಕ್ಕದ ಫ್ಲ್ಯಾಟಿನ ಕ್ಲೆಮೆಂಟ್ ಖಾಲಿ ಮೀನಿನ ತೊಟ್ಟಿ ಕೊಟ್ಟ. ಜತೆಗೆ ತಾನೂ ಬಂದ.

"ನಾಲ್ಕು ಹನಿ ಎಲ್ಲಿ ಸಾಲ್ತದೆ ಮಾರಾಯ್ರೆ!" ಎನ್ನುತ್ತ ಒಂದು ಲೋಟ ಹಾಲು ಸುರಿದೇಬಿಟ್ಟ. ತೊಟ್ಟಿ ಮಜ್ಜಿಗೆಯಾಯಿತು.

ನೀರು ಬದಲಿಸುವಷ್ಟರಲ್ಲಿ ಅವನ ಹೆಂಡತಿ ಫ್ಲಾವಿಯಾ ಹಾಜರು. "ಇಷ್ಟೆಲ್ಲ ಎಂತಕ್ಕೆ? ಬಟ್ಟೆಗೆ ಹಾಕುವ ನೀಲಿ ಉಂಟಲ್ಲ," ಎಂದು ಹಾಕಿಯೂ ಬಿಟ್ಟಳು.

"ಇದು ಬಟ್ಟೆ ನೀರು," ಎಂದು ಸುರಕ್ಷಾ ಅಳತೊಡಗಿದಳು.

ಮೋಹನದಾಸ ಆ ಗಂಡ ಹೆಂಡತಿ ಇಬ್ಬರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದ. ಮತ್ತೆ ನೀರು ಬದಲಿಸಿ ನಾಲ್ಕೇ ಹನಿ ಹಾಲು ಬೆರೆಸಿದ. ಪರದೆ ಎಳೆದ. ಯಾರು ಬಡಿದರೂ ತೆಗೆಯಬಾರದು ಎಂದ. ಟಾರ್ಚು ಬಿಟ್ಟ.

ತೊಟ್ಟಿಯ ತುಂಬ ತೆಳು ನೀಲಿ ಹಬ್ಬಿತು.

"ಪಪ್ಪಾ, ಆಕಾಶ!"

ಅಷ್ಟರಲ್ಲೇ ಬಾಗಿಲು ದಬದಬ ಎಂದಿತು. "ಇನ್ನೊಂದು ಲೋಟ ಹಾಲು ತಂದಿರ್ಬೇಕು ಪುಣ್ಯಾತ್ಮ. ಸುಮ್ನಿರಿ," ಎಂದು ಮೋಹನದಾಸ ಪಿಸುಗುಟ್ಟಿದ. ಇನ್ನೂ ಎರಡು ಸಲ ಬಡಿದು ಸದ್ದು ನಿಂತಿತು. ತಾಯಿ ಮಗಳು ಬಹಳ ಹೊತ್ತು ತೊಟ್ಟಿಯನ್ನೇ ನೋಡಿದರು. ಕೊನೆಗೆ ಹರಿಣಾಕ್ಷಿ, "ಆಯ್ತು, ಇನ್ನೆರಡು ವಾರ ನೋಡುವ," ಎಂದು ಸೂಟ್‌ಕೇಸ್ ತೆರೆದಳು. ಮೋಹನದಾಸನಿಗೆ ಕುಣಿಯುವಷ್ಟು ಖುಷಿಯಾಯಿತು.

ಬಾಗಿಲು ತೆಗೆದರೆ ಕ್ಲೆಮೆಂಟ್, ಫ್ಲಾವಿಯಾ ನಗುನಗುತ್ತ ಟೆರೇಸಿನಿಂದ ಇಳಿಯುತ್ತಿದ್ದರು.

"ಎಂತ ಮಾರಾಯ್ರೆ, ಎಷ್ಟು ಬಡಿಯುವುದು! ಗಾಳಿ ತಿರುಗಿ ಅರ್ಧ ಗಂಟೆ ಆಕಾಶ ಫಸ್ಟ್‌ಕ್ಲಾಸ್ ನೀಲಿ! ಇಡೀ ಬಿಲ್ಡಿಂಗೇ ಮೇಲೆ ಇತ್ತು, ನೀವೊಬ್ರೇ ಇಲ್ಲ."

ಮೋಹನದಾಸ ಓಡಿಹೋಗಿ ಪರದೆ ಸರಿಸಿದ. ಹೊರಗೆ ಮತ್ತೆ ಕಪ್ಪು.

"ನಿಜವಾದ್ದು ಬಂದಿತ್ತಾ? ಪಪ್ಪಾ, ಪರದೆ ಹಾಕಿದ್ದು ಯಾರು?" ಎಂದಳು ಸುರಕ್ಷಾ.

"ಬಂದ ಆಕಾಶವನ್ನೂ ನೋಡ್ಲಿಕ್ಕೆ ಬಿಡುವುದಿಲ್ಲ ನೀವು," ಎಂದು ಹರಿಣಾಕ್ಷಿ ಸೂಟ್‌ಕೇಸನ್ನು ಟಪ್ಪೆಂದು ಮುಚ್ಚಿದಳು. ಆ ಶಬ್ದ ಮಾತ್ರ ಮೋಹನದಾಸನಿಗೆ ಚೆನ್ನಾಗಿ ಕೇಳಿಸಿತು.