ಊದುಬತ್ತಿ ಹಚ್ಚಿದ ಮಿಷನರಿ

ಇನ್ನೊಬ್ಬರ ಹಾಗೆ ಮಾತಾಡುವ ಚಟವಿರುವವನಿಗೆ ಒಂದು ಕಷ್ಟವಿದೆ: ಅವನು ನಿಜವಾಗಿ ನೋವಾಗಿ ಅರಚಿದರೂ ಜನ ಅಣಕವೆಂದು ನಗುತ್ತಾರೆ. ರಾಯದುರ್ಗದ ನಮ್ಮ ಚರ್ಚಿನಲ್ಲಿ ಒಮ್ಮೆ ನನ್ನ ಬೆರಳು ಬಾಗಿಲ ಸಂದಿಗೆ ಸಿಕ್ಕಿತು. ನಾನು ಕೂಗಿದ ಕೂಗಿಗೆ ಹಿಂದಿನ ಬೆಂಚಿನ ಅತ್ತೆಯೊಬ್ಬರು, "ಚಲೋ ಮಾಡ್ತಾನ್ರಿ, ಥೇಟ್ ನಮ್ಮ ಪಾಸ್ಟರಮ್ಮ!" ಎಂದು ಮೆಚ್ಚಿಕೊಂಡರು. ಇಂಥ ನಾನು ಬೈಬಲ್ ಕಾಲೇಜು ಸೇರಿದೆ. ದೇವರು ಕರೆದಿದ್ದಾನೆ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ, "ಕರದಿದ್ದು ದೇವ್ರೋ, ಇವನೇ ದೇವ್ರ ಧ್ವನಿ ತೆಗದಾನೋ, ಮೊದ್ಲು ವಿಚಾರ್ಸು" ಎಂದರು.

ಕಾಲೇಜಿನಲ್ಲಿ ಒಂದು ಪಾಠವಿತ್ತು. ಬೇರೆ ಬೇರೆ ದೇಶ, ಬೇರೆ ಬೇರೆ ಸಂಸ್ಕೃತಿಗಳ ನಡುವೆ ಸುವಾರ್ತಾ ಸೇವೆ ಹೇಗೆ ನಡೆಯಬೇಕು ಎಂಬುದು. ಕಲಿಸುತ್ತಿದ್ದವರು ದೇವದಾನಂ ಸಾರ್. ಅವರು ಎರಡು ಸಲ ಗಂಟಲು ಕೆರೆದು, ಕನ್ನಡಕ ಒರೆಸಿ, "ಮೊದಲನೆಯದಾಗಿ..." ಎನ್ನುತ್ತಿದ್ದರು. ಎರಡನೆಯದು ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಪಾಠದ ಕೊನೆಗೆ ಒಂದು ತಿಂಗಳು ಪರಸಂಸ್ಕೃತಿಯ ಜನರೊಂದಿಗೆ ಬದುಕಿ ಬರಬೇಕು. ಗೆಳೆಯರು ಒಡಿಶಾ, ನಾಗಾಲ್ಯಾಂಡ್ ಎಂದು ಹೊರಟರು. ರೈಲು ಹತ್ತಿದರೆ ವಾಂತಿ ಮಾಡುವ ನಾನು ಮಡಕಶಿರ ಕಡೆ ಹೋಗುತ್ತೇನೆಂದೆ. "ಅದು ನಿನ್ನ ಪಕ್ಕದ ಊರಲ್ಲವೇನಪ್ಪಾ?" ಎಂದರು ಸಾರ್. "ಇಲ್ರಿ ಸಾರ್, ನಾವು ರೊಟ್ಟಿ ಬಡಿಯೋರು, ಅವ್ರು ಮುದ್ದೆ ನುಂಗೋರು. ನಾವು ಬರ್ರಿ ಅಂತೀವಿ, ಅವ್ರು ಬಾರ್ಲಾ ಅಂತಾರ. ಭಾಳ ದೂರ್ರಿ!" ಎಂದೆ. ಅವರು ಒಪ್ಪಿದರು. ಆದರೆ ಷರತ್ತಿತ್ತು: ತಿಂಗಳ ಕೊನೆಗೆ, ನಾನು ಉಳಿದುಕೊಂಡ ಮನೆಯವರಿಗೆ ಸಾರ್ ತಾವೇ ಫೋನ್ ಮಾಡುತ್ತಾರೆ. ಆ ಮನೆಯವರು ‘ಇವನು ನಮ್ಮವನಾಗಿದ್ದ’ ಎಂದರೆ ಪಾಸು. ಇಲ್ಲದಿದ್ದರೆ ಇಡೀ ವರ್ಷ ಮತ್ತೆ ಅದೇ ‘ಮೊದಲನೆಯದಾಗಿ’.

ಹಾಗೆ ನಾನು ಮಡಕಶಿರ ಕಡೆಯ ರೊಳ್ಳದ ಹತ್ತಿರದ ಹಳ್ಳಿಯಲ್ಲಿ ತಿಮ್ಮಕ್ಕಜ್ಜಿಯ ಮನೆ ಸೇರಿದೆ. ಅವಳು ಅಪ್ಪನ ಜೊತೆ ಕೆಲಸ ಮಾಡುವವರೊಬ್ಬರ ತಾಯಿ, ರೇಷ್ಮೆ ಹುಳ ಸಾಕುವವಳು. ಪರರ ನಂಬಿಕೆಯನ್ನು ಗೌರವಿಸಬೇಕು ಎಂದು ಪಾಠದಲ್ಲಿ ಕೆಳಗೆರೆ ಎಳೆದು ಓದಿದ್ದೆನಲ್ಲ, ಬರುವಾಗಲೇ ಘಮಘಮಿಸುವ ಊದುಬತ್ತಿಯ ದೊಡ್ಡ ಪೊಟ್ಟಣ ತಂದಿದ್ದೆ. ಮರುದಿನ ಬೆಳಗ್ಗೆ ಅಜ್ಜಿ ಹಿತ್ತಲಿಗೆ ಹೋದಾಗ ನಾಲ್ಕು ಕಡ್ಡಿ ಹಚ್ಚಿ ಅವಳ ದೇವರ ಪಟದ ಮುಂದೆ ಸಿಕ್ಕಿಸಿ, ನನ್ನ ವಿಶಾಲ ಹೃದಯವನ್ನು ನಾನೇ ಮೆಚ್ಚುತ್ತಾ ನಿಂತೆ. ಪಟ ಇದ್ದದ್ದು ಹುಳದ ಕೋಣೆಯ ಬಾಗಿಲ ಪಕ್ಕ. ಹೊಗೆ ನೇರ ಒಳಗೆ. ಹುಳಗಳು ಸರಸರ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ಸದ್ದು ನಿಂತೇಹೋಯಿತು.

ಅಜ್ಜಿ ಓಡಿ ಬಂದು ಕಡ್ಡಿಗಳನ್ನು ಚೊಂಬಿನ ನೀರಿಗೆ ಅದ್ದಿದಳು. "ಯಾವನ್ಲಾ ನಿಂಗೆ ಹೇಳ್ದೋನು? ಹುಳಕ್ಕೆ ಹೊಗೆ ಆಗಕಿಲ್ಲ ಕಣ್ಲಾ! ಗೂಡು ಕಟ್ಟೋಗಂಟ ನಮ್ ದೇವ್ರಿಗೂ ಊದುಬತ್ತಿ ಇಲ್ಲ. ಅವ್ನೇ ತಡ್ಕಂಡವ್ನೆ, ನಿಂದೇನ್ಲಾ ಅರ್ಜೆಂಟು?" ಕ್ರೈಸ್ತನೊಬ್ಬ ಹಚ್ಚಿದ ಊದುಬತ್ತಿಯನ್ನು ಹಿಂದೂ ಅಜ್ಜಿಯೊಬ್ಬಳು ನಂದಿಸಿದ ಈ ಘಟನೆಗೆ ನನ್ನ ಪುಸ್ತಕದಲ್ಲಿ ಅಧ್ಯಾಯವೇ ಇರಲಿಲ್ಲ. ಕಿಟಕಿ ತೆರೆದು ಇಬ್ಬರೂ ಹುಳದ ತಟ್ಟೆಗಳ ಮುಂದೆ ಉಸಿರು ಬಿಗಿಹಿಡಿದು ಕೂತೆವು. ಮಧ್ಯಾಹ್ನಕ್ಕೆ ಒಂದು ಹುಳ ತಲೆ ಅಲ್ಲಾಡಿಸಿ ಎಲೆಗೆ ಬಾಯಿ ಹಾಕಿತು. ಸಂಜೆಯ ಹೊತ್ತಿಗೆ ಮಿಕ್ಕವೂ ಹಾಕಿದವು. ನಾನು ಅಷ್ಟು ಪ್ರಾಮಾಣಿಕವಾಗಿ ಪ್ರಾರ್ಥನೆ ಮಾಡಿದ್ದು ಅದೇ ಮೊದಲು. "ನಿಮ್ ಮೇಷ್ಟ್ರಿಗೆ ಹೇಳಕಿಲ್ಲ, ಹೋಗು. ಆದ್ರೆ ಇವತ್ತಿಂದ ಸೊಪ್ಪು ಕೊಯ್ಯೋ ಕೆಲ್ಸ ನಿಂದೇ" ಎಂದಳು ಅಜ್ಜಿ.

ಸೊಪ್ಪು ಕೊಯ್ಯುವ ಬೇಸರಕ್ಕೆ ತೋಟದಿಂದ ಅವಳಿಗೆ ಫೋನ್ ಮಾಡಿ, ದೇವದಾನಂ ಸಾರ್ ಧ್ವನಿಯಲ್ಲಿ ಗಂಟಲು ಕೆರೆದು, "ಮೊದಲನೆಯದಾಗಿ ತಾಯಿ, ಸಾರು ಏನು?" ಎಂದು ಕೇಳುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ದಿನವೂ ಇದೇ ಆಟ.

ಕೊನೆಯ ದಿನ ಸೊಪ್ಪಿನ ಹೊರೆ ಹೊತ್ತು ಅಂಗಳಕ್ಕೆ ಬಂದೆ. ಒಳಗಿಂದ ಅಜ್ಜಿಯ ದನಿ: "ಏ, ಸಾಕು ಬಿಡ್ಲಾ ನಿನ್ನಾಟ! ಊದುಬತ್ತಿ ಹಚ್ಚಿ ನನ್ ಹುಳ ಸಾಯ್ಸಕ್ ಹೋಗಿದ್ದು ಆ ಮೇಷ್ಟ್ರಿಗೆ ಹೇಳಕಿಲ್ಲ ಅಂದಿಲ್ವಾ? ಅವ್ನು ಒಂದೇ ಲೆಕ್ಕ ಬರೋ ಗಿಣಿ, ಎರಡಕ್ಕೇ ಹೋಗಕಿಲ್ಲ ಅಂತ ನೀನೇ ಹೇಳಿದ್ಯಲ್ಲ! ಮುದ್ದೆ ಆರೋಯ್ತದೆ, ಬಿರ್ರನೆ ಮನೆಗ್ ಬಾ ಮಗ!" ಹಾಗೆಂದು ಬಾಗಿಲಿಗೆ ಬಂದವಳು ನನ್ನನ್ನು ನೋಡಿದಳು. ಕೈಯಲ್ಲಿದ್ದ ಫೋನನ್ನು ನೋಡಿದಳು. ಫೋನು ಎರಡು ಸಲ ಗಂಟಲು ಕೆರೆಯಿತು. ಹೊರೆ ನನ್ನ ತಲೆಯಿಂದ ತಾನೇ ಇಳಿಯಿತು.

ಕಾಲೇಜಿಗೆ ಮರಳಿದಾಗ ಸಾರ್ ಕನ್ನಡಕ ಒರೆಸುತ್ತಾ ಕೂತಿದ್ದರು. "ಮೊದಲನೆಯದಾಗಿ, ನೀನು ಪಾಸು. ‘ಮಗ, ಮನೆಗೆ ಬಾ’ ಎಂದು ಆ ಅಜ್ಜಿ ಅಷ್ಟು ಬೈದು ಕರೆದರಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ." ನನಗೆ ಹೋದ ಜೀವ ಬಂತು. ಆಗ, ಜೀವನದಲ್ಲಿ ಮೊದಲ ಸಲ, ಅವರು ಮುಂದುವರಿದರು: "ಎರಡನೆಯದಾಗಿ, ನಾನು ನಿಜಕ್ಕೂ ಹಾಗೆ ಗಂಟಲು ಕೆರೆಯುತ್ತೇನಾ?"

‘ಛೇ, ಎಲ್ಲಿಯಾದರೂ ಉಂಟೇ!’ ಎನ್ನಲು ಬಾಯಿ ತೆರೆದೆ. ಗಂಟಲು ಸರಿಮಾಡಿಕೊಂಡೆ. ಎರಡು ಸಲ.